ಲಿನಕ್ಸ್ ಸರ್ವರ್‌ಗೆ ದುಡ್ಡು ಕೊಡಬೇಕಾ? ಮೈಸೂರು, ಮಂಡ್ಯದ ಬಳಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆಬ್ಬಾಳು, ಹೂಟಗಳ್ಳಿಯ ಕಾರ್ಖಾನೆಗಳು, ಮಂಡ್ಯ, ಮದ್ದೂರು ಕಡೆಯ ಸಹಕಾರ ಸಂಘಗಳು, ಒಂದಷ್ಟು ಕಾಲೇಜು, ಆಸ್ಪತ್ರೆಗಳು. ಇವುಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚಿನ ಕಡೆ ಇರುವ ಓಎಸ್ (ಮೆಷಿನ್ ಓಡಿಸುವ ಮೂಲ ಸಾಫ್ಟ್‌ವೇರ್) ರೆಡ್ ಹ್ಯಾಟ್ ಕಂಪನಿಯ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್. ನಾವೆಲ್ಲ ಅದನ್ನು ರೆಲ್ ಅಂತಲೇ ಕರೆಯುತ್ತೇವೆ. ಕೆಲವು ಕಡೆ ಉಬುಂಟು, ಸೂಸೆ ಎಂಬ ಬೇರೆ ಲಿನಕ್ಸ್‌ಗಳೂ ಇವೆ. ಹೋದಲ್ಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ, ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಅಡ್ಮಿನ್‌ಗಳಿಗೆ ಬೇಕಾದ ವಿವರ ಇದೆ. ಬಿಲ್‌ಗೆ ಸಹಿ ಹಾಕುವ ಮ್ಯಾನೇಜರ್‌ಗಳು ಮೊದಲ ಕೆಲವು ಪ್ರಶ್ನೆ ಮತ್ತು ಕೊನೆಯದನ್ನು ಓದಿದರೂ ಸಾಕು.

ಲಿನಕ್ಸ್ ಪುಕ್ಕಟೆ ಸಿಗುತ್ತದೆ ಅಲ್ವಾ? ಮತ್ತೆ ಈ ಬಿಲ್ ಯಾವುದಕ್ಕೆ?

ಲೈಸೆನ್ಸ್‌ಗೆ ಅಂತ ಇಲ್ಲಿ ಯಾರೂ ದುಡ್ಡು ಕೇಳುವುದಿಲ್ಲ. ನೀವು ಕಟ್ಟುವುದು ವರ್ಷದ ಸಬ್‌ಸ್ಕ್ರಿಪ್ಷನ್. ಅದಕ್ಕೆ ಸಿಗುವುದು ಮುಖ್ಯವಾಗಿ ಎರಡು: ಹಾಕಿಕೊಂಡ ವರ್ಷನ್‌ಗೆ ವರ್ಷಗಟ್ಟಲೆ ಸೆಕ್ಯುರಿಟಿ ಅಪ್‌ಡೇಟ್, ಮತ್ತು ಏನಾದರೂ ಕೈಕೊಟ್ಟಾಗ ಕೇಳಲು ಒಂದು ಜಾಗ.

ಮೊದಲನೆಯದರ ಬೆಲೆ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ರೆಲ್‌ನ ಪ್ರತಿ ದೊಡ್ಡ ವರ್ಷನ್‌ಗೆ 10 ವರ್ಷ ಆಯುಸ್ಸು. ರೆಲ್ 8 ಬಂದಿದ್ದು 2019ರ ಮೇ ತಿಂಗಳಲ್ಲಿ, ಅದಕ್ಕೆ 2029ರ ಮೇವರೆಗೆ ಅಪ್‌ಡೇಟ್ ಇದೆ. ರೆಲ್ 9 ಬಂದಿದ್ದು 2022ರಲ್ಲಿ, ಅದು 2032ರವರೆಗೆ. ಮೊದಲ 5 ವರ್ಷ ಹೊಸ ಸೌಲಭ್ಯಗಳೂ ಸೇರುತ್ತವೆ. ಆಮೇಲಿನ 5 ವರ್ಷ ಮುಖ್ಯವಾದ ರಿಪೇರಿ ಮಾತ್ರ. ನಮ್ಮ ಕಡೆ ಒಂದು ಕಾರ್ಖಾನೆ ಇಆರ್‌ಪಿ (ಲೆಕ್ಕ, ಸ್ಟಾಕ್, ಸಂಬಳ ಎಲ್ಲ ನೋಡುವ ಸಾಫ್ಟ್‌ವೇರ್) ಹಾಕಿಸಿದರೆ ಎಂಟು ಹತ್ತು ವರ್ಷ ಅದನ್ನು ಅಲುಗಾಡಿಸಲು ಬಿಡುವುದಿಲ್ಲ. ಅಷ್ಟು ದಿನ ಕೆಳಗಿನ ಓಎಸ್ ಬದಲಾಗದೆ, ಆದರೆ ಸೆಕ್ಯುರಿಟಿ ರಿಪೇರಿ ಮಾತ್ರ ತಪ್ಪದೆ ಬರುತ್ತಿರಬೇಕು. ಸಬ್‌ಸ್ಕ್ರಿಪ್ಷನ್ ದುಡ್ಡಿನಲ್ಲಿ ದೊಡ್ಡ ಪಾಲು ಈ ಕೆಲಸಕ್ಕೇ ಸಲ್ಲಬೇಕಾದದ್ದು ಅಂತ ನನ್ನ ಅಭಿಪ್ರಾಯ.

ರೆಡ್ ಹ್ಯಾಟ್ ಒಂದೇನಾ ಇರೋದು?

ಅಲ್ಲ. ಜರ್ಮನಿಯ ಸೂಸೆ ಇದೆ, ಅದರ ಸರ್ವರ್ ಆವೃತ್ತಿ 2000ದಿಂದ ಬಂದಿದೆ. ಅಪ್‌ಡೇಟ್ ಹಾಕಿ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ಸ್ನ್ಯಾಪರ್ ಸೌಲಭ್ಯ ಅದರಲ್ಲಿ ಮೊದಲಿಂದಲೇ ಸೇರಿರುತ್ತದೆ. ಇದು ನನಗೆ ತುಂಬಾ ಇಷ್ಟ. ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿ) ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, 5 ವರ್ಷ ಅಪ್‌ಡೇಟ್ ಬರುತ್ತದೆ. ಅದರ ಮೇಲೆ ಉಬುಂಟು ಪ್ರೊ ಹಾಕಿಸಿದರೆ 10 ವರ್ಷ. ಒಬ್ಬ ವ್ಯಕ್ತಿ ಸ್ವಂತಕ್ಕೆ 5 ಮೆಷಿನ್‌ವರೆಗೆ ಪ್ರೊ ಕೂಡ ಪುಕ್ಕಟೆ. ಒರಾಕಲ್ ಲಿನಕ್ಸ್ ಡೌನ್‌ಲೋಡ್‌ಗೂ ಅಪ್‌ಡೇಟ್‌ಗೂ ದುಡ್ಡಿಲ್ಲ, ಸಪೋರ್ಟ್ ಬೇಕಾದರೆ ಮಾತ್ರ ಕೊಡಬೇಕು.

ಯಾವುದು ಒಳ್ಳೆಯದು ಅಂತ ಜಗಳ ಆಡುವ ಮೊದಲು ನಿಮ್ಮ ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿ. ಆಸ್ಪತ್ರೆಯ ಸಾಫ್ಟ್‌ವೇರೋ ಇಆರ್‌ಪಿಯೋ ಯಾವ ಓಎಸ್ ಮೇಲೆ ಸರ್ಟಿಫೈ ಆಗಿದೆಯೋ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ತೊಂದರೆ ಬಂದ ದಿನ ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಕೈ ತೋರಿಸುತ್ತಾರೆ.

ನಮ್ಮಲ್ಲಿ ಇನ್ನೂ ಸೆಂಟ್‌ಓಎಸ್ 7 ಓಡುತ್ತಿದೆ. ಚೆನ್ನಾಗೇ ಇದೆಯಲ್ಲ?

ಓಡುತ್ತದೆ, ನಿಜ. ಆದರೆ 2024ರ ಜೂನ್ 30ಕ್ಕೆ ಅದರ ಅಪ್‌ಡೇಟ್ ನಿಂತಿದೆ. ಅಪ್‌ಡೇಟ್ ತರುವ ಯಮ್ ಕಮಾಂಡ್ ಕೊಟ್ಟು ನೋಡಿ, ಎಲ್ಲಿಂದ ತರಬೇಕೆಂದು ಹೇಳುವ ಮಿರರ್‌ಲಿಸ್ಟ್ ವಿಳಾಸವೇ ಸಿಗುತ್ತಿಲ್ಲ ಅಂತ ಎರರ್ ಬರುತ್ತದೆ. ಎಷ್ಟೋ ಜನ ಇದನ್ನು ನೆಟ್ ತೊಂದರೆ ಅಂದುಕೊಂಡು ರೂಟರ್ ರೀಸ್ಟಾರ್ಟ್ ಮಾಡುತ್ತಾರೆ. ಅಪ್‌ಡೇಟ್ ವಿಳಾಸ ಇರುವ ರಿಪೊ ಫೈಲ್‌ನಲ್ಲಿ ವಾಲ್ಟ್ (ಹಳೆಯದನ್ನು ಕೂಡಿಟ್ಟ ಜಾಗ) ವಿಳಾಸ ಹಾಕಿದರೆ ಹಳೆಯ ಪ್ಯಾಕೇಜ್‌ಗಳು ಇನ್ನೂ ಸಿಗುತ್ತವೆ. ಹೊಸ ರಿಪೇರಿ ಮಾತ್ರ ಒಂದೂ ಇಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ: ಸೆಂಟ್‌ಓಎಸ್ ಅಂದರೆ ರೆಲ್‌ನ ಕೋಡ್‌ನಿಂದಲೇ ಕಟ್ಟಿ ಪುಕ್ಕಟೆ ಹಂಚುತ್ತಿದ್ದದ್ದು. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಇರುತ್ತದೆ ಅಂತ ಎಲ್ಲರೂ ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಘೋಷಣೆ ಬಂತು, 2021ರ ಕೊನೆಗೆ ಅದು ನಿಂತೇಹೋಯಿತು. ಆಗಷ್ಟೇ 7ರಿಂದ 8ಕ್ಕೆ ಬಂದಿದ್ದವರು ಪಟ್ಟ ಪಾಡು ನಾನು ಹತ್ತಿರದಿಂದ ನೋಡಿದ್ದೇನೆ. ಆ ಸಿಟ್ಟು ಈಗಲೂ ಕೆಲವು ಕಡೆ ಆರಿಲ್ಲ. ಆರದೇ ಇರುವುದು ನ್ಯಾಯವೇ.

ಹಾಗಾದರೆ ರಾಕಿ ಅಥವಾ ಅಲ್ಮಾ ಹಾಕಿಕೊಂಡರೆ ಸಾಲದಾ?

ಸಾಕಷ್ಟು ಕಡೆ ಸಾಕು. ಸೆಂಟ್‌ಓಎಸ್ ಜಾಗ ತುಂಬಲು ರೆಲ್‌ನಂತೆಯೇ ಕಟ್ಟಿದ ಪುಕ್ಕಟೆ ಓಎಸ್‌ಗಳು ಇವು, ಎರಡೂ 2021ರಲ್ಲಿ ಬಂದವು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಪೂರ್ತಿ ಕೋಡ್ ಸಾರ್ವಜನಿಕವಾಗಿ ಹಾಕುವುದನ್ನು ನಿಲ್ಲಿಸಿ ಸೆಂಟ್‌ಓಎಸ್ ಸ್ಟ್ರೀಮ್‌ನ (ರೆಲ್‌ಗೆ ಮುಂದೆ ಸೇರುವ ಬದಲಾವಣೆಗಳು ಮೊದಲು ಬರುವ ಆವೃತ್ತಿ) ಕೋಡ್ ಮಾತ್ರ ಉಳಿಸಿಕೊಂಡಿತು. ಆಮೇಲೆ ಅಲ್ಮಾದವರು ಅಕ್ಷರಕ್ಕೆ ಅಕ್ಷರ ನಕಲು ಮಾಡುವುದು ಬಿಟ್ಟು, ರೆಲ್ ಮೇಲೆ ಓಡುವ ಪ್ರೋಗ್ರಾಂ ಅಲ್ಮಾ ಮೇಲೂ ಓಡಬೇಕು ಎನ್ನುವ ಗುರಿ ಇಟ್ಟುಕೊಂಡರು. ದಿನದ ಬಳಕೆಯಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ.

ಎಲ್ಲ ಸರ್ವರ್‌ಗೂ ದುಡ್ಡು ಕೊಡಬೇಕಾ? ಯಾವುದಕ್ಕೆ ಕೊಡಬೇಕು?

ಈ ಪ್ರಶ್ನೆ ನಿರ್ಧರಿಸಲು ನಾನು ಬಳಸುವ ಅಳತೆ ಒಂದೇ. ಆ ಸರ್ವರ್ ನಿಂತರೆ ಹೊರಗೆ ಯಾರು ಕಾಯುತ್ತಾರೆ?

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ ಅಂದುಕೊಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ಗಾಡಿಗಳು ಹಗಲು ರಾತ್ರಿ ಬರುತ್ತವೆ. ಗೇಟಿನಲ್ಲಿ ಟೋಕನ್, ವೇಬ್ರಿಜ್‌ನಲ್ಲಿ ತೂಕ, ಎರಡೂ ಒಂದೇ ಸರ್ವರ್‌ಗೆ ಹೋಗುತ್ತವೆ. ಆ ಸರ್ವರ್ ರಾತ್ರಿ ಎರಡು ಗಂಟೆಗೆ ನಿಂತರೆ ಟ್ರ್ಯಾಕ್ಟರ್ ಸಾಲು ರಸ್ತೆವರೆಗೆ ಬರುತ್ತದೆ. ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಅದು ರೈತರ ಜೇಬಿಗೇ ಏಟು. ಅಂಥ ಸರ್ವರ್‌ಗೆ 24 ಗಂಟೆಯ ಪ್ರೀಮಿಯಂ ಸಪೋರ್ಟ್ ಬೇಕು ಅಂತ ನಾನು ಹಟ ಹಿಡಿದೇ ಹೇಳುತ್ತೇನೆ. ಅದೇ ಕಾರ್ಖಾನೆಯ ಹಾಜರಿ ಸರ್ವರ್ ಅರ್ಧ ದಿನ ನಿಂತರೂ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಅದಕ್ಕೆ ಅಲ್ಮಾ ಸಾಕು. ಟೆಸ್ಟಿಂಗ್ ಮೆಷಿನ್‌ಗಳಿಗೂ ಅಷ್ಟೇ.

ಒಂದು ಎಚ್ಚರಿಕೆ. ರೆಲ್ ಒಂದಕ್ಕೆ ದುಡ್ಡು ಕಟ್ಟಿ ಹತ್ತರಲ್ಲಿ ಬಳಸುವಂತಿಲ್ಲ. ಒಪ್ಪಂದದ ಪ್ರಕಾರ ನೀವು ಓಡಿಸುವ ಪ್ರತಿ ರೆಲ್‌ಗೂ ಸಬ್‌ಸ್ಕ್ರಿಪ್ಷನ್ ಇರಬೇಕು. ಕೆಲವಕ್ಕೆ ರೆಲ್, ಉಳಿದವಕ್ಕೆ ಅಲ್ಮಾ ಅಥವಾ ರಾಕಿ, ಇದಕ್ಕೆ ಅಡ್ಡಿಯಿಲ್ಲ. ಸ್ಟ್ಯಾಂಡರ್ಡ್ ಸಪೋರ್ಟ್ ಅಂದರೆ ಕಚೇರಿ ಸಮಯದಲ್ಲಿ ಮಾತ್ರ ಅನ್ನುವುದನ್ನೂ ನೆನಪಿಡಿ. ಭಾನುವಾರ ಓಪಿಡಿ ನಡೆಸುವ ಆಸ್ಪತ್ರೆಗಳು ಸುಮ್ನೆ ಕಡಿಮೆ ಬೆಲೆ ನೋಡಿ ಅದನ್ನು ತೆಗೆದುಕೊಳ್ಳುತ್ತವೆ.

ಸಬ್‌ಸ್ಕ್ರಿಪ್ಷನ್ ಮುಗಿದರೆ ಸರ್ವರ್ ನಿಂತುಹೋಗುತ್ತಾ?

ಇಲ್ಲ. ಓಡುತ್ತಲೇ ಇರುತ್ತದೆ, ಡೇಟಾಗೆ ಏನೂ ಆಗುವುದಿಲ್ಲ. ಅಪ್‌ಡೇಟ್ ಮತ್ತು ಸಪೋರ್ಟ್ ನಿಲ್ಲುತ್ತವೆ. ಇದೇ ಕಾರಣಕ್ಕೆ ಎಷ್ಟೋ ಕಡೆ ಮುಗಿದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಮುಗಿಯುವ ತಾರೀಖನ್ನು ಅಕೌಂಟ್ಸ್ ವಿಭಾಗದ ಕ್ಯಾಲೆಂಡರ್‌ನಲ್ಲಿ ಹಾಕಿಸಿ.

ಸಪೋರ್ಟ್‌ಗೆ ಕೇಳಿದರೆ ನಿಜವಾಗಲೂ ಸಹಾಯ ಆಗುತ್ತಾ?

ಆಗುತ್ತದೆ. ಆದರೆ ಹೇಗೆ ಕೇಳುತ್ತೀರಿ ಅನ್ನುವುದರ ಮೇಲೆ ತುಂಬಾ ನಿಂತಿದೆ. ಒಂದು ಉದಾಹರಣೆ ಹೇಳುತ್ತೇನೆ.

ಮಂಡ್ಯದ ಒಂದು ಸಹಕಾರ ಸಂಘದಲ್ಲಿ ಸರ್ವರ್ ಆಗಾಗ ತಾನೇ ರೀಬೂಟ್ ಆಗುತ್ತಿತ್ತು, ಅದೂ ರಾತ್ರಿ ಬ್ಯಾಕಪ್ ಹೊತ್ತಿಗೆ. ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಾಖಲೆಯಲ್ಲಿ) ಏನೂ ಇಲ್ಲ. ಒಂದು ಸಾಲು ಮಾಮೂಲಿ, ಮುಂದಿನ ಸಾಲು ಬೂಟ್ ಸಂದೇಶ. ಅಲ್ಲಿನವರು ಕರೆಂಟ್ ತೊಂದರೆ ಅಂದುಕೊಂಡು ಯುಪಿಎಸ್ ಬ್ಯಾಟರಿ ಬದಲಿಸಿದ್ದರು. ರೆಡ್ ಹ್ಯಾಟ್ ಸಪೋರ್ಟ್‌ನಲ್ಲಿ ಕೇಸ್ (ದೂರು) ತೆರೆದೆವು. ಮೊದಲ ಉತ್ತರದಲ್ಲೇ ಎರಡು ಕೇಳಿದರು: ಎಸ್‌ಓಎಸ್ ರಿಪೋರ್ಟ್ ಮತ್ತು ವಿಎಂಕೋರ್. ಎಸ್‌ಓಎಸ್ ರಿಪೋರ್ಟ್ ಅಂದರೆ ಸರ್ವರ್‌ನ ಕಾನ್ಫಿಗರೇಷನ್, ಲಾಗ್ ಎಲ್ಲ ಒಟ್ಟುಗೂಡಿಸುವ ಒಂದು ಕಮಾಂಡ್. ವಿಎಂಕೋರ್ ಅಂದರೆ ಓಎಸ್‌ನ ತಿರುಳಾದ ಕರ್ನಲ್ ಬಿದ್ದ ಕ್ಷಣದಲ್ಲಿ ಮೆಮೊರಿ ಹೇಗಿತ್ತು ಅನ್ನುವುದರ ಚಿತ್ರ. ಅದು ಸಿಗಬೇಕಾದರೆ ಕೆಡಂಪ್ ಅನ್ನುವ ಸೇವೆ ಮೊದಲೇ ಓಡುತ್ತಿರಬೇಕು. ಅಲ್ಲಿ ಓಎಸ್ ಹಾಕುವಾಗಲೇ ಯಾರೋ ಅದನ್ನು ಆಫ್ ಮಾಡಿದ್ದರು. ಆನ್ ಮಾಡಿ, ಮುಂದಿನ ಸಲ ಬೀಳುವವರೆಗೆ ಕಾದೆವು. ಬಿತ್ತು. ಫೈಲ್ ಅಷ್ಟು ದೊಡ್ಡದು, ಅಲ್ಲಿನ ನೆಟ್‌ನಲ್ಲಿ ಕಳಿಸುವುದೇ ಒಂದು ರಾತ್ರಿಯ ಕೆಲಸ ಆಯಿತು.

ಉತ್ತರ ಸ್ಪಷ್ಟವಾಗಿತ್ತು. ಕರ್ನಲ್ ಬಿದ್ದದ್ದು ಸ್ಟೋರೇಜ್ ಕಾರ್ಡ್‌ನ ಡ್ರೈವರ್ ಒಳಗೆ. ಆ ಡ್ರೈವರ್ ರೆಡ್ ಹ್ಯಾಟ್ ಕೊಟ್ಟದ್ದಲ್ಲ, ಕಾರ್ಡ್ ಮಾರಿದವರು ಬೇರೆಯಾಗಿ ಹಾಕಿಸಿದ್ದು. ಅದನ್ನು ತೆಗೆದು ಓಎಸ್ ಜೊತೆ ಬರುವ ಡ್ರೈವರ್ ಬಳಸಿ, ಇಲ್ಲವೇ ಕಾರ್ಡ್‌ನವರ ಹತ್ತಿರ ಹೋಗಿ ಅಂದರು. ಅವರ ಡ್ರೈವರ್ ತೆಗೆದೆವು, ರೀಬೂಟ್ ನಿಂತಿತು. ಈ ಕೆಲಸ ಪುಕ್ಕಟೆ ಓಎಸ್‌ನಲ್ಲಿ ನಾವೇ ಮಾಡಬಹುದಿತ್ತಾ? ಮಾಡಬಹುದಿತ್ತು, ವಿಎಂಕೋರ್ ಓದಲು ಬರುವವರು ಸಿಕ್ಕಿದ್ದರೆ. ಮಂಡ್ಯದಲ್ಲಿ ಅಂಥವರನ್ನು ಎಲ್ಲಿ ಹುಡುಕುವುದು?

ಇದರಿಂದ ನೀವು ಇವತ್ತೇ ಮಾಡಬಹುದಾದ್ದು: ಕೆಡಂಪ್ ಓಡುತ್ತಿದೆಯಾ ನೋಡಿ. ಕೇಸ್ ತೆರೆಯುವಾಗ ಎಸ್‌ಓಎಸ್ ರಿಪೋರ್ಟನ್ನು ಅವರು ಕೇಳುವ ಮೊದಲೇ ಹಾಕಿ. ಎಷ್ಟು ಹೊತ್ತಿಗೆ ಏನಾಯಿತು, ಅದಕ್ಕೆ ಮೊದಲು ಏನು ಬದಲಾಯಿಸಿದ್ದಿರಿ ಅಂತ ಬರೆಯಿರಿ. ಪ್ರೊಡಕ್ಷನ್ ಪೂರ್ತಿ ನಿಂತಿದ್ದರೆ ಮಾತ್ರ ಸೆವೆರಿಟಿ 1 (ಅತಿ ತುರ್ತು) ಅಂತ ಹಾಕಿ. ಹಾಕಿದ ಮೇಲೆ ಫೋನ್ ಹತ್ತಿರ ಇರಿ, ಏಕೆಂದರೆ ಅವರು ನಿಮ್ಮನ್ನೂ ಎಚ್ಚರವಾಗಿರಲು ಕೇಳುತ್ತಾರೆ.

ಆಡಿಟರ್ ಬಂದು ನಮ್ಮ ಅಪಾಚೆ ವೆಬ್ ಸರ್ವರ್ ಹಳೆಯದು, ಕೂಡಲೇ ಬದಲಿಸಿ ಅಂತಾರೆ. ಏನು ಮಾಡೋಣ?

ಮಾರ್ಚ್ ಹತ್ತಿರ ಬಂದರೆ ಈ ಫೋನ್ ತಪ್ಪಿದ್ದಲ್ಲ. ದಯವಿಟ್ಟು ಗಾಬರಿಯಿಂದ ಬೇರೆಲ್ಲಿಂದಲೋ ಹೊಸ ಅಪಾಚೆ ತಂದು ಹಾಕಬೇಡಿ.

ರೆಲ್ 8ರಲ್ಲಿ ಅಪಾಚೆ 2.4.37 ಅಂತಲೇ ತೋರಿಸುತ್ತದೆ. ಆಡಿಟರ್ ಬಳಸುವ ಸೆಕ್ಯುರಿಟಿ ಸ್ಕ್ಯಾನರ್ ಹೊರಗಿನಿಂದ ಆ ನಂಬರ್ ನೋಡಿ ತೊಂದರೆಗಳ ಉದ್ದದ ಪಟ್ಟಿ ಕೊಡುತ್ತದೆ. ಆದರೆ ಇಲ್ಲಿ ಕೆಲಸ ನಡೆಯುವ ರೀತಿ ಬೇರೆ. ಹೊಸ ವರ್ಷನ್‌ನಲ್ಲಿ ಬಂದ ಸೆಕ್ಯುರಿಟಿ ರಿಪೇರಿಯನ್ನಷ್ಟೇ ತೆಗೆದು ಹಳೆಯ ವರ್ಷನ್‌ಗೆ ಸೇರಿಸುತ್ತಾರೆ. ಇದನ್ನು ಬ್ಯಾಕ್‌ಪೋರ್ಟ್ ಅನ್ನುತ್ತಾರೆ. ಮುಂದಿನ ನಂಬರ್ ಹಾಗೇ ಇರುತ್ತದೆ, ಅದರ ಹಿಂದೆ ಬರುವ ರಿಲೀಸ್ ನಂಬರ್ ಬದಲಾಗುತ್ತದೆ. ನಿಮ್ಮ ಪ್ರೋಗ್ರಾಂ ಕೆಡುವುದಿಲ್ಲ, ತೂತು ಮಾತ್ರ ಮುಚ್ಚುತ್ತದೆ.

ಆಡಿಟರ್‌ಗೆ ತೋರಿಸುವುದು ಸುಲಭ. ಆರ್‌ಪಿಎಂ ಕಮಾಂಡ್‌ನಲ್ಲಿ ಆ ಪ್ಯಾಕೇಜ್‌ನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆಗೆಯಿರಿ, ಅದರಲ್ಲಿ ಅವರು ಹೇಳಿದ ಸಿವಿಇ ನಂಬರ್ (ಪ್ರತಿ ಸೆಕ್ಯುರಿಟಿ ತೂತಿಗೆ ಕೊಡುವ ಗುರುತು ಸಂಖ್ಯೆ) ಹುಡುಕಿ. ಸಿಕ್ಕರೆ ಪ್ರಿಂಟ್ ತೆಗೆದು ಕೊಡಿ. ಸಿಗದಿದ್ದರೆ ರೆಡ್ ಹ್ಯಾಟ್‌ನ ಸಿವಿಇ ಪುಟದಲ್ಲಿ ನಿಮ್ಮ ವರ್ಷನ್‌ಗೆ ಅದು ತಗಲುತ್ತದೋ ಇಲ್ಲವೋ ನೋಡಿ. ಸ್ಕ್ಯಾನರ್‌ಗೆ ಲಾಗಿನ್ ಕೊಟ್ಟು ಒಳಗಿನಿಂದ ಸ್ಕ್ಯಾನ್ ಮಾಡಿಸಿದರೆ ಅರ್ಧ ಗಲಾಟೆ ಹಾಗೇ ಕಡಿಮೆಯಾಗುತ್ತದೆ.

ನಂಬರ್ ಹಳೆಯದಿದ್ದರೆ ಅಪಾಯ ಜಾಸ್ತಿ ಅನ್ನುವುದೂ ಯಾವಾಗಲೂ ನಿಜವಲ್ಲ. 2024ರ ಜುಲೈನಲ್ಲಿ, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಒಂದು ದೊಡ್ಡ ತೂತು ಹೊರಬಂತು. ಅದು ಸೇರಿಕೊಂಡದ್ದು 8.5ರಲ್ಲಿ. ರೆಲ್ 9ರಲ್ಲಿ 8.7 ಇತ್ತು, ಅದಕ್ಕೆ ತಗಲಿತು. ರೆಲ್ 8ರಲ್ಲಿ ಇದ್ದದ್ದು 8.0, ಅದಕ್ಕೆ ತಗಲಲೇ ಇಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಝಡ್‌ನ 5.6 ವರ್ಷನ್‌ಗಳಲ್ಲಿ ಯಾರೋ ಬೇಕೆಂದೇ ಸೇರಿಸಿದ್ದ ಹಿಂಬಾಗಿಲನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಪತ್ತೆ ಹಚ್ಚಿದರು. ರೆಲ್‌ಗೆ ಅದು ಬಂದೇ ಇರಲಿಲ್ಲ.

ಸೆಲಿನಕ್ಸ್ ಆಫ್ ಮಾಡಿದರೆ ಎಲ್ಲ ಸರಿಯಾಗುತ್ತೆ ಅಂತಾರಲ್ಲ?

ಹೇಳುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಸೆಲಿನಕ್ಸ್ ಅನ್ನುವುದು ರೆಲ್‌ನಲ್ಲೇ ಬರುವ ಕಾವಲುಗಾರ. ಅದು ಮಾಡುವ ಕೆಲಸ ಒಂದೇ, ಉದಾಹರಣೆಗೆ: ವೆಬ್ ಸರ್ವರ್ ವೆಬ್ ಫೈಲ್ ಮಾತ್ರ ಮುಟ್ಟಬೇಕು, ಬೇರೆಯದನ್ನು ಮುಟ್ಟಿದರೆ ತಡೆ. ಯಾರಾದರೂ ನಿಮ್ಮ ವೆಬ್‌ಸೈಟ್ ಮೂಲಕ ಒಳಗೆ ಬಂದರೂ ಮುಂದಕ್ಕೆ ಹೋಗದಂತೆ ಹಿಡಿಯುವುದು ಇದೇ.

ಹೆಚ್ಚಿನ ದೂರುಗಳು ಒಂದೇ ತರಹದ್ದು. ಮೈಸೂರಿನ ಒಂದು ಕಾಲೇಜಿನಲ್ಲಿ ಫಲಿತಾಂಶದ ಪಿಡಿಎಫ್ ಅನ್ನು ಹುಡುಗನೊಬ್ಬ ತನ್ನ ಹೋಮ್ ಫೋಲ್ಡರ್‌ನಿಂದ ವೆಬ್ ಫೋಲ್ಡರ್‌ಗೆ ಮೂವ್ ಮಾಡಿದ. ಪರ್ಮಿಷನ್ ಸರಿ ಇದೆ, ಓನರ್ ಸರಿ ಇದೆ, ಬ್ರೌಸರ್‌ನಲ್ಲಿ ಮಾತ್ರ 403 (ತೆರೆಯಲು ಅನುಮತಿ ಇಲ್ಲ). ಕಾರಣ ಸಣ್ಣದು. ಮೂವ್ ಮಾಡಿದಾಗ ಫೈಲ್ ತನ್ನ ಹಳೆಯ ಲೇಬಲ್ (ಸೆಲಿನಕ್ಸ್ ನೋಡುವ ಗುರುತು) ಜೊತೆಗೇ ಬರುತ್ತದೆ. ಕಾಪಿ ಮಾಡಿದ್ದರೆ ಹೊಸ ಫೋಲ್ಡರ್‌ನ ಲೇಬಲ್ ಸಿಗುತ್ತಿತ್ತು. ಲೇಬಲ್ ಸರಿಪಡಿಸುವ ರೆಸ್ಟೋರ್‌ಕಾನ್ ಕಮಾಂಡ್ ಕೊಟ್ಟ ತಕ್ಷಣ ಪುಟ ತೆರೆಯಿತು.

ತಡೆದದ್ದು ಸೆಲಿನಕ್ಸೇನಾ ಅಂತ ತಿಳಿಯಲು ಆಡಿಟ್ ಲಾಗ್‌ನಲ್ಲಿ ಎವಿಸಿ ಅಂತ ಹುಡುಕಿ. ತೀರಾ ಅವಸರವಿದ್ದರೆ ಸ್ವಲ್ಪ ಹೊತ್ತು ಪರ್ಮಿಸಿವ್‌ಗೆ ಹಾಕಿ, ಆಗ ತಡೆಯುವುದಿಲ್ಲ ಆದರೆ ಬರೆದಿಡುತ್ತದೆ. ಪೂರ್ತಿ ಆಫ್ ಮಾಡಿದರೆ ಲೇಬಲ್ ಬರೆಯುವುದೇ ನಿಲ್ಲುತ್ತದೆ, ಮತ್ತೆ ಆನ್ ಮಾಡುವಾಗ ಇಡೀ ಡಿಸ್ಕ್‌ಗೆ ಲೇಬಲ್ ಹಾಕಿಸಬೇಕು. ಉಬುಂಟುದವರಿಗೆ ಇದೇ ಕೆಲಸ ಆಪ್‌ಆರ್ಮರ್ ಮಾಡುತ್ತದೆ.

ರೆಲ್ 7ರಿಂದ 8ಕ್ಕೆ ಹೋದ ಮೇಲೆ ಕೆಲವು ಹೆಸರು ಹುಡುಕಿದರೆ ಸಿಗುತ್ತಿಲ್ಲ. ಡೇಟಾ ಹೋಯಿತಾ?

ಹೋಗಿಲ್ಲ, ಅಲ್ಲೇ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರೆಲ್ಲ ಇದನ್ನು ಪೂರ್ತಿ ಓದಿ.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಓಎಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಿಂದ ಕೇಳಿಕೊಳ್ಳುತ್ತದೆ. ರೆಲ್ 7ರಲ್ಲಿ ಜಿಲಿಬ್‌ಸಿ 2.17, ರೆಲ್ 8ರಲ್ಲಿ 2.28. ಈ 2.28ರಲ್ಲಿ ಜೋಡಿಸುವ ಕ್ರಮವೇ ಬದಲಾಯಿತು. ನಿಮ್ಮ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಕಟ್ಟಿಡುವ ಸೂಚಿ) ಹಳೆಯ ಕ್ರಮದಲ್ಲಿ ಕಟ್ಟಿದ್ದು, ಹುಡುಕುವುದು ಹೊಸ ಕ್ರಮದಲ್ಲಿ. ಹಾಗಾಗಿ ಸದಸ್ಯರ ಪಟ್ಟಿಯಲ್ಲಿ ಕಣ್ಣಿಗೆ ಕಾಣುವ ಹೆಸರು ಹುಡುಕಾಟಕ್ಕೆ ಸಿಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಒಂದೇ ಇರಬೇಕಾದ ಸದಸ್ಯ ಸಂಖ್ಯೆ ಎರಡು ಸಲ ಸೇರಿಬಿಡಬಹುದು. ಯಾವ ಎರರ್ ಕೂಡ ಬರುವುದಿಲ್ಲ. ಕನ್ನಡದಲ್ಲಿ ಬರೆದದ್ದಕ್ಕೆ ಮಾತ್ರವಲ್ಲ, ಇಂಗ್ಲಿಷ್‌ನಲ್ಲಿ ಹೈಫನ್, ಸ್ಪೇಸ್ ಇರುವ ಹೆಸರಿಗೂ ಇದೇ ಕಥೆ.

ಡಂಪ್ ತೆಗೆದು ಹೊಸ ಸರ್ವರ್‌ನಲ್ಲಿ ರೀಸ್ಟೋರ್ ಮಾಡಿದ್ದರೆ ತೊಂದರೆ ಇಲ್ಲ, ಇಂಡೆಕ್ಸ್ ಹೊಸದಾಗಿ ಕಟ್ಟುತ್ತದೆ. ಡೇಟಾ ಫೋಲ್ಡರ್ ಹಾಗೇ ಕಾಪಿ ಮಾಡಿದ್ದರೆ, ಅಥವಾ ಅಪ್‌ಗ್ರೇಡ್‌ಗೆ ಇರುವ ಲೀಪ್ ಎಂಬ ಸಾಧನ ಬಳಸಿ ಇದ್ದಲ್ಲೇ ಅಪ್‌ಗ್ರೇಡ್ ಮಾಡಿದ್ದರೆ, ಬಳಕೆದಾರರನ್ನು ಒಳಗೆ ಬಿಡುವ ಮೊದಲೇ ರೀಇಂಡೆಕ್ಸ್ ಮಾಡಬೇಕು. ಹಳೆಯ ಮತ್ತು ಹೊಸ ಓಎಸ್ ನಡುವೆ ರೆಪ್ಲಿಕೇಷನ್ (ಡೇಟಾದ ನಿರಂತರ ನಕಲು) ಇಟ್ಟಿದ್ದರೂ ಇದೇ ಅಪಾಯ. ಲೀಪ್ ಬಗ್ಗೆ ಇನ್ನೊಂದು ಮಾತು: ಅದು ಮೊದಲು ಒಂದು ರಿಪೋರ್ಟ್ ಕೊಡುತ್ತದೆ. ಆ ರಿಪೋರ್ಟ್‌ನ ಕೆಂಪು ಸಾಲುಗಳನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

ಹಳೆಯ ಸರ್ವರ್ ಮೇಲೆ ರೆಲ್ 10 ಹಾಕಬಹುದಾ?

ಪ್ರೊಸೆಸರ್ ನೋಡಿ ಹೇಳಬೇಕು. 2025ರಲ್ಲಿ ಬಂದ ರೆಲ್ 10ಕ್ಕೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಅನ್ನುವ ಸೌಲಭ್ಯ ಬೇಕು. ಇಂಟೆಲ್ ಝಿಯಾನ್ ಇ5 ವಿ2 ಇದ್ದರೆ ಆಗುವುದಿಲ್ಲ, ವಿ3ಯಿಂದ ಮುಂದಕ್ಕೆ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳುವಾಗ ಎಲ್‌ಎಸ್‌ಸಿಪಿಯು ಕೊಟ್ಟು ಎವಿಎಕ್ಸ್2 ಇದೆಯಾ ನೋಡಿಯೇ ದುಡ್ಡು ಕೊಡಿ. ಹಳೆಯ ಮೆಷಿನ್ ಬಿಡಲು ಆಗದಿದ್ದರೆ ಅಲ್ಮಾ 10ರಲ್ಲಿ ಅಂಥವಕ್ಕೆಂದೇ ಬೇರೆ ಆವೃತ್ತಿ ಇದೆ.

ಟ್ಯಾಲಿ ಓಡುತ್ತಾ?

ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಅದಕ್ಕೊಂದು ವಿಂಡೋಸ್ ಮೆಷಿನ್ ಇರಲಿ. ಫೈಲ್ ಹಂಚಿಕೊಳ್ಳಲು ಲಿನಕ್ಸ್‌ನಲ್ಲಿ ಸಾಂಬಾ ಇದೆ.

ಲಾಗ್ ಎಷ್ಟು ದಿನ ಇಡಬೇಕು?

ಸರ್ಟ್‌-ಇನ್ (ಸೈಬರ್ ಭದ್ರತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ 180 ದಿನ. ಹ್ಯಾಕ್ ಆದದ್ದು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಗಡಿಯಾರವನ್ನೂ ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಸರ್ಕಾರಿ ಸಂಸ್ಥೆಗಳ ಸಮಯಕ್ಕೆ ಹೊಂದಿಸಿರಬೇಕು.

ಹಳೆಯ ಲಾಗ್ ಅಳಿಸುತ್ತಾ ಹೋಗುವ ಲಾಗ್‌ರೊಟೇಟ್‌ಗೆ ರೆಲ್‌ನಲ್ಲಿ ಮೊದಲಿಂದ ಬರುವ ಸೆಟ್ಟಿಂಗ್ ವಾರಕ್ಕೊಂದು, ನಾಲ್ಕು ಉಳಿಸು ಅಂತಿರುತ್ತದೆ. ಅಂದರೆ ಸುಮಾರು ಒಂದು ತಿಂಗಳು. ಅದನ್ನು 26 ವಾರ ಮಾಡಿದರೆ 182 ದಿನ ಆಗುತ್ತದೆ. ಆಡಿಟ್ ಲಾಗ್‌ಗೆ ಬೇರೆ ಲೆಕ್ಕ: 8 ಎಂಬಿಯ 5 ಫೈಲ್ ಮಾತ್ರ, ಕೆಲಸ ಜಾಸ್ತಿ ಇರುವ ಸರ್ವರ್‌ನಲ್ಲಿ ಕೆಲವೇ ದಿನಕ್ಕೆ ಅಳಿಸಿಹೋಗುತ್ತದೆ. ಎರಡನ್ನೂ ಬದಲಿಸಿ, ಲಾಗ್‌ಗೆ ಬೇರೆ ಡಿಸ್ಕ್ ಕೊಡಿ. ಇನ್ನೊಂದು ಸರ್ವರ್‌ಗೆ ಆರ್‌ಸಿಸ್‌ಲಾಗ್ ಮೂಲಕ ಕಳಿಸಿದರೆ ಇನ್ನೂ ಒಳ್ಳೆಯದು, ಒಳಗೆ ನುಗ್ಗಿದವರು ಮೊದಲು ಅಳಿಸುವುದೇ ಲಾಗ್ ಅನ್ನು.

ಕಲಿಯಬೇಕು. ದುಡ್ಡಿಲ್ಲ. ಏನು ಮಾಡಲಿ?

ರೆಡ್ ಹ್ಯಾಟ್‌ನ ಡೆವಲಪರ್ ಸಬ್‌ಸ್ಕ್ರಿಪ್ಷನ್ ಒಬ್ಬ ವ್ಯಕ್ತಿಗೆ 16 ಮೆಷಿನ್‌ವರೆಗೆ ಪುಕ್ಕಟೆ. ಇಮೇಲ್ ಕೊಟ್ಟು ನೋಂದಾಯಿಸಿದರೆ ಸಾಕು. ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಮೆಷಿನ್ ಮಾಡಿ, ಬೇಕೆಂದೇ ಕೆಡಿಸಿ, ಸರಿಮಾಡಿ. ರೆಡ್ ಹ್ಯಾಟ್‌ನ ಅಡ್ಮಿನ್ ಸರ್ಟಿಫಿಕೇಟ್‌ಗೆ ಬರೆಯುವ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಟಿಕ್ ಹಾಕುವ ಪ್ರಶ್ನೆಗಳಿಲ್ಲ, ಮೆಷಿನ್ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು. ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಮಕ್ಕಳು ಬೆಂಗಳೂರಿಗೆ ಹೋಗಿ ಕೋರ್ಸ್‌ಗೆ ದುಡ್ಡು ಸುರಿಯುವ ಮೊದಲು ಮನೆಯಲ್ಲೇ ಇಷ್ಟು ಮಾಡಿ ನೋಡಲಿ ಅಂತ ನನ್ನ ಆಸೆ.

ಕೊಳ್ಳುವ ಮೊದಲು ಡೀಲರ್ ಹತ್ತಿರ ಏನು ಕೇಳಬೇಕು?

ಜಿಎಸ್‌ಟಿ ಸೇರಿ ಎಷ್ಟು ಅಂತ ಲಿಖಿತವಾಗಿ ಕೇಳಿ. ಸ್ಟ್ಯಾಂಡರ್ಡ್ ಅಥವಾ ಪ್ರೀಮಿಯಂ, ಒಂದು ವರ್ಷ ಅಥವಾ ಮೂರು ವರ್ಷ, ಕೋಟೇಶನ್‌ನಲ್ಲೇ ಇರಬೇಕು. ವರ್ಚುವಲ್ ಮೆಷಿನ್‌ಗಳಿದ್ದರೆ ಎಷ್ಟಕ್ಕೆ ಸಾಲುತ್ತದೆ ಅಂತಲೂ ಕೇಳಿ.

ಎಲ್ಲಕ್ಕಿಂತ ಮುಖ್ಯವಾದ್ದು ಅಕೌಂಟ್. ಎಷ್ಟೋ ಕಡೆ ಡೀಲರ್ ತನ್ನದೇ ಇಮೇಲ್‌ನಲ್ಲಿ ಸಬ್‌ಸ್ಕ್ರಿಪ್ಷನ್ ನೋಂದಾಯಿಸಿರುತ್ತಾರೆ. ಆಮೇಲೆ ಡೀಲರ್ ಬದಲಾದರೆ, ಅಥವಾ ಅವರ ಕಚೇರಿಯ ಹುಡುಗ ಕೆಲಸ ಬಿಟ್ಟರೆ, ದುಡ್ಡು ಕಟ್ಟಿದವರಿಗೇ ಪೋರ್ಟಲ್ ತೆರೆಯಲು ಆಗುವುದಿಲ್ಲ, ಕೇಸ್ ಹಾಕಲೂ ಆಗುವುದಿಲ್ಲ. ನಿಮ್ಮ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇಮೇಲ್‌ನಲ್ಲಿ ಅಕೌಂಟ್ ಮಾಡಿಸಿ. ಒಬ್ಬ ನೌಕರರ ವೈಯಕ್ತಿಕ ವಿಳಾಸ ಬೇಡ, ಇಬ್ಬರು ಮೂವರು ನೋಡುವ ವಿಳಾಸ ಇರಲಿ. ಪಾಸ್‌ವರ್ಡ್ ಬಂದ ದಿನವೇ ಲಾಗಿನ್ ಆಗಿ, ಒಂದು ಸಣ್ಣ ಪ್ರಶ್ನೆ ಹಾಕಿ ಕೇಸ್ ತೆರೆದು ನೋಡಿ. ಅದಕ್ಕೆ ಉತ್ತರ ಬಂದ ಮೇಲೆ ಡೀಲರ್‌ಗೆ ಚೆಕ್ ಕೊಡಿ.